ಜಪಾನಿನ ನೀರುಕಾಗೆ ಮುಟ್ಟಿದ ಪಿಂಡ

ಎಷ್ಟು ದೂರ ಬಂದು ನೆಲೆಸಿದರೂ ನಮ್ಮವರ ಆಚಾರಕ್ಕೆ ಇಂಥ ಫಜೀತಿ ತಪ್ಪುವುದಿಲ್ಲ. ಇದನ್ನು ನನಗೆ ಮೊದಲು ಹೇಳಿದವರು ಮಾರಿಸ್‌ವಿಲ್‌ನಲ್ಲಿ ನಮ್ಮ ಪಕ್ಕದ ಟೌನ್‌ಹೌಸಿನ ಧಾರವಾಡದ ಇಂಜಿನಿಯರರ ಹೆಂಡತಿ. ದೇವಸ್ಥಾನದಲ್ಲಿ, ಪ್ರಸಾದದ ಸಾಲಿನಲ್ಲಿ ನಿಂತು ಹೇಳಿದರು. ಅವರ ಯಜಮಾನರು ಆಗ ಕಾರು ನಿಲ್ಲಿಸಲು ಹೋಗಿದ್ದರು.

೧. ಡೆಕ್ ಮೇಲಿನ ಅಳಿಲು

ತಂದೆಯ ತಿಥಿಯ ದಿನ ಕಾಗೆ ಪಿಂಡ ಮುಟ್ಟುವ ತನಕ ಇಂಜಿನಿಯರರು ಊಟ ಮಾಡುವವರಲ್ಲ. ಕಾಗೆ ಮುಟ್ಟದಿದ್ದರೆ ಹಿರಿಯರಿಗೆ ಏನೋ ಆಸೆ ಉಳಿದಿದೆ, ಅದನ್ನು ನಡೆಸುತ್ತೇವೆಂದು ಮಾತು ಕೊಡಬೇಕು. ಇದು ನಮ್ಮ ಕಡೆಯ ನಂಬಿಕೆ. ಒಂದು ವರ್ಷ ಮನೆಯ ಹಿಂದಿನ ಮರದ ಡೆಕ್ ಮೇಲೆ ಪಿಂಡವಿಟ್ಟು, ಕೈಮುಗಿದು ಕಣ್ಣು ತೆರೆದರೆ, ಅಳಿಲೊಂದು ಕೂತು ತಿನ್ನುತ್ತಿತ್ತು.

"ಅಪ್ಪಾ, ಅಜ್ಜ ಈಗ ಸ್ಕ್ವಿರಲ್ಲಾ? ಸೋ ಕ್ಯೂಟ್" ಎಂದಳು ಇಲ್ಲೇ ಹುಟ್ಟಿದ ಮಗಳು.

ಅಜ್ಜನಿಗೆ ಕೊನೆಗಾಲದಲ್ಲಿ ಒಂದು ಹಲ್ಲೂ ಇರಲಿಲ್ಲ. ಆ ಕಾರಣಕ್ಕೆ ಇಂಜಿನಿಯರರು ಒಪ್ಪಲಿಲ್ಲ.

೨. ಗಾಜಿನ ಆಚೆ

ಮರುವರ್ಷ ಆಫೀಸಿನ ಕೆಲಸಕ್ಕೆ ಗಂಡಹೆಂಡಿರು ಜಪಾನಿಗೆ ಹೋದಾಗ ತಿಥಿ ಅಲ್ಲೇ ಬಂತು. ಹೋಟೆಲ್ ರೂಮಿನಲ್ಲಿ ಪುಟ್ಟ ಕುಕ್ಕರಿನಲ್ಲಿ ಅನ್ನವಾಯಿತು, ಎಳ್ಳೂ ಬಿತ್ತು. ಕಿಟಕಿ ಮಾತ್ರ ತೆರೆಯುವಂಥದ್ದಲ್ಲ. ಆಚೆ ಕಾಗೆ, ಈಚೆ ಪಿಂಡ, ಒಂದನ್ನೊಂದು ನೋಡುತ್ತ ಮಧ್ಯಾಹ್ನ ಕಳೆಯಿತು.

ಸಂಜೆ, ನದಿಯಲ್ಲಿ ಹಕ್ಕಿಗಳಿಂದ ಮೀನು ಹಿಡಿಸುವುದನ್ನು ದೋಣಿಯಲ್ಲಿ ಕೂತು ನೋಡಿ ಬನ್ನಿ ಎಂದು ಅಲ್ಲಿಯ ಆಫೀಸಿನ ಮ್ಯಾನೇಜರ್ ಟಿಕೆಟ್ ಕೊಟ್ಟಿದ್ದರು. ಹಸಿದ ಹೊಟ್ಟೆಯಲ್ಲೇ ಹೊರಟರು. ಅನ್ನದ ಡಬ್ಬಿ ಹೆಂಡತಿಯ ಬ್ಯಾಗಿನಲ್ಲಿ. ಮೀನು ಹಿಡಿಯುವ ಆ ನೀರುಕಾಗೆಗಳನ್ನು ಕಂಡದ್ದೇ ಇಂಜಿನಿಯರರು, "ಡಬ್ಬಿ ತಗಿ" ಎಂದರು.

"ಅವು ನಮ್ಮ ಕಾಗಿ ಅಲ್ರೀ."

"ಕರ್ರಗದಾವ, ರೆಕ್ಕಿ ಅದಾವ. ಪರದೇಶದಾಗ ಇಷ್ಟು ಸಾಕು."

೩. ನದಿಯ ಮೇಲೆ

ಪಕ್ಕದ ದೋಣಿಯ ಮೂತಿಗೆ ನೇತುಹಾಕಿದ ಕಬ್ಬಿಣದ ಬುಟ್ಟಿಯಲ್ಲಿ ಬೆಂಕಿ. ಹುಲ್ಲಿನ ಲಂಗ ಉಟ್ಟ ಬೆಸ್ತನ ಕೈಯಲ್ಲಿ ಹಕ್ಕಿಗಳ ಹಗ್ಗ. ಹಕ್ಕಿ ಮುಳುಗಿ ಮೀನು ಹಿಡಿಯುತ್ತದೆ, ಅವನು ಕಕ್ಕಿಸಿಕೊಳ್ಳುತ್ತಾನೆ. ಅದರ ಕುತ್ತಿಗೆಗೆ ದಾರ ಕಟ್ಟಿರುತ್ತಾರೆ. ದೊಡ್ಡದು ಒಳಗಿಳಿಯುವುದಿಲ್ಲ, ಚಿಕ್ಕದು ಇಳಿಯುತ್ತದೆ. ಗೈಡ್ ಇದನ್ನು ಹೇಳುವಾಗ ಹೆಂಡತಿ ಕೇಳಿಸಿಕೊಂಡರು. ಯಜಮಾನರು ಮಂತ್ರದಲ್ಲಿದ್ದರು.

ಹೆಂಡತಿ ಕಟ್ಟಿಕೊಟ್ಟ ನಿಂಬೆಹಣ್ಣಿನ ಗಾತ್ರದ ಉಂಡೆಯನ್ನು ಇವರು ಎಸೆದರು. ಒಂದು ಹಕ್ಕಿ ಗಬಕ್ಕನೆ ಹಿಡಿದು, ಕತ್ತು ನೀಳ ಮಾಡಿ, ಉಗುಳಿಬಿಟ್ಟಿತು. ಇವರ ಮುಖ ಇಳಿಯಿತು.

"ಅಪ್ಪಗ ಏನೋ ಆಸೆ ಉಳದದ."

"ಅತ್ತಿಯವರನ್ನ ಕಾಶಿಗೆ ಕರಕೊಂಡು ಹೋಗ್ತೀನಿ ಅನ್ರಿ."

ಇವರು ಹಾಗೇ ಅಂದರು. ಮತ್ತೆ ಅಷ್ಟೇ ದೊಡ್ಡ ಉಂಡೆ. ಹಕ್ಕಿ ಮತ್ತೆ ಉಗುಳಿತು.

"ದಿನಾ ಭಾಂಡಿ ತಿಕ್ಕತೀನಿ ಅನ್ರಿ."

"ಭಾಂಡಿ? ನಮ್ಮಪ್ಪ ಜೀವಮಾನದಾಗ ಒಂದು ವಾಟಿ ತೊಳದಾಂವಲ್ಲ."

"ಅದ ಈಗ ಅವರ ಮನಸಿಗೆ ಹತ್ತಿರಬೇಕ್ರಿ."

ಇವರು ನದಿಯ ಕಡೆ ಕೈಮುಗಿದು ಪಾತ್ರೆ ತೊಳೆಯುವ ಮಾತು ಕೊಟ್ಟರು. ಈ ಸಲ ಹೆಂಡತಿ ಹುಣಸೆಬೀಜದಷ್ಟು ಉಂಡೆ ಕಟ್ಟಿದರು. ಸಲೀಸಾಗಿ ಇಳಿಯಿತು.

ಈಗ ಅವರ ಮನೆಯ ಡಿಶ್‌ವಾಷರ್ ಕೆಟ್ಟು ವರ್ಷವಾಗಿದೆ. ಅದನ್ನು ರಿಪೇರಿ ಮಾಡಿಸಿದರೆ ತಂದೆಗೆ ಕೊಟ್ಟ ಮಾತಿಗೆ ಭಂಗ ಎಂದು ಇಂಜಿನಿಯರರೇ ಹಾಗೇ ಬಿಟ್ಟಿದ್ದಾರೆ. ನಾನು ಮೊದಲಿಂದಲೂ ಪಾತ್ರೆ ತೊಳೆಯುವವನಾದ್ದರಿಂದ ನನಗೆ ಪೂರ್ತಿ ಹೇಳಿದರಂತೆ. ನೀವೂ ನಾಲ್ಕು ಮನೆಗೆ ಹೇಳಿ. ಗಂಡಸರು ಕೂತಿದ್ದರೆ ದಾರದ ಸಂಗತಿಯೊಂದನ್ನು ಬಿಟ್ಟು ಹೇಳಿ ಎಂದು ಆ ತಾಯಿ ಕೇಳಿಕೊಂಡಿದ್ದಾರೆ.