ಕೇಳದೆ ಎತ್ತಬೇಡಿ

ನಮ್ಮ ಸೋದರಮಾವನನ್ನು ಎತ್ತಿದವರೆಲ್ಲ ಕೆಟ್ಟರು! ಶಾಪಗೀಪ ಏನಿಲ್ಲ, ಬರೀ ಬೈಗುಳ. ಚಿಕ್ಕಂದಿನಲ್ಲಿ ಪೋಲಿಯೋ ಆಗಿ ಅವನ ಎರಡೂ ಕಾಲು ಸೋತಿದ್ದವು. ಸಿದ್ದಾಪುರದ ಪೇಟೆಯಲ್ಲೆಲ್ಲ ಕೈಯಿಂದ ತಿರುಗಿಸುವ ಮೂರು ಗಾಲಿಯ ಸೈಕಲ್ಲಿನಲ್ಲೇ ಓಡಾಟ. ಮೆಟ್ಟಿಲು ಎದುರಾದರೆ ಮಾತ್ರ ಯಾರೋ ಒಬ್ಬರು ಹಿಂದಿನಿಂದ ಬಂದು ಕಂಕುಳಿಗೆ ಕೈಹಾಕಿ ಎತ್ತಿಬಿಡುತ್ತಿದ್ದರು. ಪುಣ್ಯ ಯಾರಿಗೆ ಬೇಡ? ಮಾವನಿಗೆ ಅದೇ ಆಗದು.

"ಕೇಳ್ದೇ ಎತ್ತಲೆ ಆನು ಎಂತ ಅಡಕೆ ಚೀಲನಾ?"

ಯಲ್ಲಾಪುರದ ಒಂದು ಮದುವೆಯಲ್ಲಿ ಪಂಕ್ತಿಗೆ ಹೊತ್ತಾಯಿತೆಂದು ಬೀಗರ ಕಡೆಯ ಇಬ್ಬರು ಗಟ್ಟಿಗರು ಅವನನ್ನು ಜಗಲಿಯಿಂದ ಎತ್ತಿ ತಂದು ಬಾಳೆಲೆಯ ಮುಂದೆ ಕೂರಿಸಿದರು. ಮಾವ ಎಲೆಗೆ ನೀರೂ ಚಿಮುಕಿಸಲಿಲ್ಲ. ಮೊದಲು ಜಗಲಿಗೆ ವಾಪಸು ಒಯ್ಯಬೇಕಂತೆ, ಅಲ್ಲಿ ಕೇಳಬೇಕಂತೆ, ಆಮೇಲೆ ತರಬೇಕಂತೆ! ಪಾಪ, ಹೊತ್ತರು, ಕೇಳಿದರು, ಮತ್ತೆ ಹೊತ್ತರು. ಅಷ್ಟರಲ್ಲಿ ಹೋಳಿಗೆ ಬಡಿಸುವವರು ಆ ಸಾಲು ದಾಟಿಯಾಗಿತ್ತು. ಮಾವ ಮಜ್ಜಿಗೆ ಅನ್ನವನ್ನೇ ಹಬ್ಬದೂಟದಂತೆ ಉಂಡ.

ಅಂಗವಿಕಲರ ಹಕ್ಕಿನ ಕಾಯ್ದೆ ಬಂದಮೇಲೆ ಅವನ ದನಿಗೆ ಇನ್ನಷ್ಟು ಬಲ ಬಂತು. ಅಂಥವರ ಅರ್ಜಿ ನೋಡುವ ಕಚೇರಿಗೇ ಎತ್ತರದ ಮೆಟ್ಟಿಲು! ಇಳಿಜಾರು ದಾರಿ ಮಾಡಿಸಿ ಎಂದು ಕೇಳಹೋದರೆ, ಅದನ್ನು ಮೇಲೆ ಬಂದು ಹೇಳಬೇಕೆಂದರು. ಎತ್ತಿಸಿಕೊಂಡು ಹೋಗಿ ಇಳಿಜಾರು ಕೇಳುವುದೇ? ಮಾವ ಕೆಳಗೇ ಕುಳಿತು ಕವಳದ ಸಂಚಿ ಬಿಚ್ಚಿದ.

ಎಲೆ ಅಡಿಕೆ ಚಾಚಿದರೆ ಬೇಡ ಎನ್ನುವುದು ನಮ್ಮ ಕಡೆ ಮರ್ಯಾದೆಯಲ್ಲ. ಜವಾನ ಇಳಿದ, ಗುಮಾಸ್ತ ಇಳಿದ. ಎಲೆಗೆ ಸುಣ್ಣ ಹಚ್ಚುವ ತನಕ ಕೂರಬೇಕು. ಕೂತವರು ಇಳಿಜಾರಿನ ಮಾತು ಕೇಳಬೇಕು. ಮೇಲೆ ಯಾರೂ ಉಳಿಯದಾದಾಗ ಹಾವೇರಿ ಕಡೆಯ ಸಾಹೇಬರೇ ಇಳಿದು ಬಂದರು.

"ಮ್ಯಾಲ ಬರ್ರಿ, ನಮ್ಮ ಮಂದಿ ಎತ್ತಿಕೊಂಡು ಬರ್ತಾರ."

"ಸಾಹೇಬ್ರೆ, ನಿಮ್ಮನ್ನ ದಿನಾ ಹೀಗೇ ಎತ್ತಿ ತಂದು ಕುರ್ಚಿ ಮೇಲೆ ಹಾಕಿದ್ರೆ, ನಿಮ್ಮ ಸಹಿಗೆ ಯಾರಾದ್ರೂ ಹೆದರ್ತಿದ್ರಾ?"

ಸಾಹೇಬರು ನಕ್ಕು, ಕೆಳಗಿನ ಮೆಟ್ಟಿಲಲ್ಲಿ ಕೂತು ಕವಳ ಹಾಕಿದರು. ಆಮೇಲೆ ಮಾವ ಹೋದಾಗಲೆಲ್ಲ ಇಳಿದು ಹತ್ತಿ ಅವರಿಗೇ ಮಂಡಿನೋವು ಬಂತು. ಅದರ ಹಿಂದೆಯೇ ಇಳಿಜಾರೂ ಬಂತು!

ಮಾವ ಅದನ್ನು ಏರಿದ ದಿನ ಶಿರಸಿಯಿಂದ ನಾನೂ ಹೋಗಿದ್ದೆ. ಅರ್ಧ ದಾರಿಯಲ್ಲಿ ಅವನು ಏದುಸಿರು ಬಿಡುತ್ತ ನಿಂತಾಗ ನನ್ನ ಕೈ ತಾನಾಗಿಯೇ ಸೈಕಲ್ಲಿನ ಬೆನ್ನಿಗೆ ಹೋಯಿತು. ತಿರುಗಿ ನೋಡಿದ, ಅಷ್ಟೇ. ಕೈ ತೆಗೆದೆ. ಒಬ್ಬನೇ ಏರಿದ.

ಕಳೆದ ತಿಂಗಳು ಮಾವ ತೀರಿಕೊಂಡ. ಅಂಗಳದಲ್ಲಿ ಚಟ್ಟ ಸಿದ್ಧವಾಗಿ, ಹೊರುವವರು ಬಗ್ಗಿದರು. ನನ್ನಂಥ ಹೆಣ್ಣುಮಕ್ಕಳು ಹೊರುವ ಪದ್ಧತಿ ನಮ್ಮಲ್ಲಿಲ್ಲ. ಕೇಳಬಾರದೆಂದು ಮಾತ್ರ ಯಾರೂ ಹೇಳಿಲ್ಲ. ತಡೆಯಿರಿ ಎಂದು, ಅವನ ಕಿವಿಯ ಹತ್ತಿರ ಕೂತೆ.

"ಮಾವಾ, ಎತ್ತಲಕ್ಕಾ?"

ಬಗ್ಗಿದವರು ಕೈ ಹಚ್ಚದೆ ಹಾಗೇ ನಿಂತರು, ಅವನು ಉತ್ತರ ಹೇಳುವಷ್ಟು ಹೊತ್ತು.