ಸುಣ್ಣದ ಗೂಡಿನಲ್ಲಿ ಕಳೆಯದ ಉಂಗುರ

ಸುಳ್ಳು ಹೇಳುವುದಕ್ಕೂ ಅಭ್ಯಾಸ ಬೇಕು. ಮದುವೆ ದಲ್ಲಾಳಿಗಳಿಗೆ ಅದು ನಾಲಗೆಯ ತುದಿಯಲ್ಲೇ ಇರುತ್ತದೆ. ಜೀವಮಾನವಿಡೀ ಮಕ್ಕಳಿಗೆ ಗಣಿತ ಕಲಿಸಿ ನಿವೃತ್ತನಾದ ನನ್ನಂಥವನು ಒಂದು ಸುಳ್ಳು ಹೇಳಿದರೆ ಮಾತ್ರ, ಅದು ಬಾಕಿ ಉಳಿದ ಭಾಗಾಕಾರದ ಹಾಗೆ ಮುಗಿಯುವುದೇ ಇಲ್ಲ.

ದರ್ಬೆಯಲ್ಲಿ ನನ್ನ ನೆರೆಮನೆಯ ಇಬ್ರಾಹಿಂ ಬಹಳ ಕಾಲ ದುಬೈಯಲ್ಲಿದ್ದು ಬಂದವರು. ಎಲ್ಲರೂ ಅಲ್ಲಿಂದ ಖರ್ಜೂರ, ಅತ್ತರು ತಂದರೆ ಇವರು ಜಿಯೋಕ್ಯಾಶಿಂಗ್ ಎಂಬ ಹುಚ್ಚನ್ನು ತಂದರು. ಯಾರೋ ಒಂದು ಡಬ್ಬಿಯನ್ನು ಎಲ್ಲೋ ಅಡಗಿಸಿ, ಜಾಗದ ಗುರುತನ್ನು ಮೊಬೈಲಿಗೆ ಹಾಕುತ್ತಾರಂತೆ. ಇನ್ಯಾರೋ ಅದನ್ನು ಹುಡುಕಿ, ಒಳಗಿನ ಚೀಟಿಯಲ್ಲಿ ಹೆಸರು ಬರೆದು, ಡಬ್ಬಿಯನ್ನು ಪುನಃ ಅಲ್ಲೇ ಇಟ್ಟು ಬರಬೇಕಂತೆ.

"ಮತ್ತೆ ನಮಗೆ ಎಂತ ಸಿಗುದು?" ಎಂದೆ.

"ಎಂತದೂ ಇಲ್ಲ ಮಾಷ್ಟ್ರೆ. ಖುಷಿ ಮಾತ್ರ. ಊರವರಿಗೆ ಗೊತ್ತಾಗ್ಬಾರ್ದು, ಅದೇ ಆಟ."

ಆ ಭಾನುವಾರ ಬೆಳಿಗ್ಗೆ ಅವರ ಕಾರಿನಲ್ಲಿ ಆಲಂಕಾರಿನ ಕಡೆ ಹೋದೆವು. ಒಂದು ಕಾಲದಲ್ಲಿ ಕಡಲ ಕಡೆಯಿಂದ ಲಾರಿಗಟ್ಟಲೆ ಚಿಪ್ಪು ತರಿಸಿ ಸುಟ್ಟು, ಸುತ್ತಲಿನ ಊರುಗಳಿಗೆಲ್ಲ ಸುಣ್ಣ ಕೊಡುತ್ತಿದ್ದ ಗೂಡುಗಳು ಅಲ್ಲಿವೆ. ಕೆಂಪುಕಲ್ಲಿನ ಮೂರು ದೊಡ್ಡ ಗೂಡುಗಳು, ಈಗ ಬಳ್ಳಿ ಹೊದ್ದು ಮಲಗಿವೆ. ನಾನು ಒಂದರ ಬಾಯೊಳಗೆ ತಲೆ ತೂರಿಸಿದ್ದೆ. ನನ್ನ ದೇಹದ ಹಿಂಭಾಗ ಮಾತ್ರ ಲೋಕಕ್ಕೆ ಕಾಣುತ್ತಿತ್ತು. ಅದನ್ನೇ ನೋಡಿ ಯಾರೋ ಕೇಳಿದರು, "ಎಂತ ಹುಡುಕುದು ಮಾರಾಯ್ರೆ?"

ಗೂಡಿನ ಎದುರು ಮನೆಯ ಲಲಿತಕ್ಕ. ಕೈಯಲ್ಲಿ ಕತ್ತಿ ಬೇರೆ. ಬಾಳೆಲೆ ಕೊಯ್ಯಲು ಹೊರಟವರು ಎಂದು ಆಮೇಲೆ ತಿಳಿಯಿತು. ಆ ಗಾಬರಿಯಲ್ಲಿ ನನ್ನ ಬಾಯಿಂದ ಬಂದದ್ದು, "ಉಂಗುರ... ಮದುವೆ ಉಂಗುರ ಬಿತ್ತು."

"ಅಯ್ಯೋ ದೇವರೇ!" ಎಂದು ಲಲಿತಕ್ಕ ಕೂಗಿದ ಕೂಗಿಗೆ ಅಕ್ಕಪಕ್ಕದ ಮನೆಗಳೆಲ್ಲ ಖಾಲಿಯಾದವು. ಒಬ್ಬರು ಹಿಡಿಸೂಡಿ ತಂದರು, ಒಬ್ಬರು ಜರಡಿ ತಂದರು. ಇಬ್ಬರು ಹೆಂಗಸರು ಅಂಗಳ ಗುಡಿಸಿದಂತೆ ಗೂಡನ್ನು ಗುಡಿಸತೊಡಗಿದರು. ಉಂಗುರವಾದರೋ ನನ್ನ ಬಲಗೈ ಬೆರಳಲ್ಲೇ ಭದ್ರವಾಗಿತ್ತು. ಕೈಯನ್ನು ಪ್ಯಾಂಟಿನ ಕಿಸೆಗೆ ತುರುಕಿ, ಒಳಗೊಳಗೇ ಬಿಚ್ಚಲು ನೋಡಿದೆ. ಮದುವೆಯ ದಿನ ಕಡ್ಡಿಯಂತಿದ್ದ ಬೆರಳು ಈಗ ಬಾಳೆಕಾಯಿ. ಬರಲಿಲ್ಲ. ಇಬ್ರಾಹಿಂ ಮಾತ್ರ ಮುಖ ಆಚೆ ತಿರುಗಿಸಿ ಭುಜ ಕುಣಿಸುತ್ತಿದ್ದರು. ನಗು ಎಂದು ನನಗೆ ಗೊತ್ತು, ಊರವರು ಅಳು ಎಂದುಕೊಂಡು, "ಪಾಪ, ಸ್ನೇಹಿತರಿಗೇ ಇಷ್ಟು ಬೇಜಾರಾದ್ರೆ ಇವರ ಹೆಂಡತಿಗೆ ಎಷ್ಟಾಗ್ಬೇಡ!" ಎಂದರು.

ಚಹಾ ಬಂತು. ಎಡಗೈ ಚಾಚಿದೆ. "ಬಲಗೈಗೆ ಎಂತಾಯ್ತು?" ಎಂದರು ಲಲಿತಕ್ಕ. "ಉಳುಕಿದೆ" ಎಂದೆ. ತಕ್ಷಣ ಎಣ್ಣೆ ಬಿಸಿಮಾಡಲು ಆಜ್ಞೆ ಹೋಯಿತು. ಅಷ್ಟರಲ್ಲಿ ಜರಡಿ ಹಿಡಿದವರು ಒಂದು ಪ್ಲಾಸ್ಟಿಕ್ ಡಬ್ಬಿ ಎತ್ತಿ ತೋರಿಸಿದರು. ನಮ್ಮ ಡಬ್ಬಿ!

"ಅದು ಮೊಬೈಲ್ ಆಟದವರದ್ದು. ಅಲ್ಲೇ ಇಡಿ," ಎಂದರು ಲಲಿತಕ್ಕ. "ಮಳೆಗಾಲದಲ್ಲಿ ನಾನೇ ಒಳಗೆ ತೆಗೆದಿಡುದು. ಹುಡುಕುವವರು ಬಂದ್ರೆ ಕೊಡುದು, ಅಷ್ಟೇ. ಪಾಪ, ಅವರಿಗೆ ಬೇರೆ ಕೆಲಸ ಇಲ್ಲ."

ಆಮೇಲೆ ಅವರು ಕಣ್ಣು ಮುಚ್ಚಿ ಕೈ ಮುಗಿದರು. "ಕೊರಗಜ್ಜಾ, ಇವರ ಉಂಗುರ ಸಿಕ್ಕಿದ್ರೆ ಚಕ್ಕುಲಿ ಕೊಡ್ತೇವೆ."

ಎಲ್ಲರೂ ಕೈ ಮುಗಿದರು. ಕಳೆದದ್ದನ್ನು ಹುಡುಕಿಕೊಡುವ ನಮ್ಮ ಕಡೆಯ ದೈವ ಕೊರಗಜ್ಜ ಎಂದ ಮೇಲೆ ನಾನೂ ಮುಗಿಯದಿರುವುದು ಹೇಗೆ? ಹುಟ್ಟಿದಂದಿನಿಂದ ಬಂದ ಅಭ್ಯಾಸ. ಎರಡೂ ಕೈ ತಾವಾಗಿಯೇ ಎದೆಯ ಮುಂದೆ ಬಂದು ಕೂಡಿದವು. ಬಿಸಿಲಿಗೆ ಉಂಗುರ ಫಳ್ಳೆಂದಿತು.

ಎಲ್ಲರ ಕಣ್ಣೂ ನನ್ನ ಬೆರಳ ಮೇಲೆ. ನನ್ನ ಮಾನ ಆ ಸುಣ್ಣದ ಗೂಡಿನಲ್ಲೇ ಸುಟ್ಟು ಬೂದಿಯಾಯಿತು ಎಂದುಕೊಂಡೆ. ನಿಜ ಹೇಳಿಬಿಡೋಣ ಎಂದು ಬಾಯಿ ತೆರೆದೆ ಕೂಡ.

"ಬೆರಳಿಗೇ ಬಂತು!" ಎಂದು ಲಲಿತಕ್ಕ ಕೂಗಿದರು. ಅವರ ಕಣ್ಣಲ್ಲಿ ನೀರಿತ್ತು. "ಅಜ್ಜನ ಕಾರಣಿಕ ನೋಡಿ! ಹೇಳಿ ಬಾಯಿ ಮುಚ್ಚಲಿಲ್ಲ!"

ತೆರೆದ ಬಾಯಿಯನ್ನು ನಾನು ಹಾಗೆಯೇ ಮುಚ್ಚಿಕೊಂಡೆ.

ಚಕ್ಕುಲಿ ಕೊಟ್ಟಾಯಿತು, ತಪ್ಪುಕಾಣಿಕೆಯೂ ಸೇರಿಸಿ ಎರಡು ಪಾಲು. ಆದರೆ ಸಂಗತಿ ಅಲ್ಲಿಗೆ ನಿಲ್ಲಲಿಲ್ಲ. ನಿನ್ನೆ ಪಂಜದ ಕಡೆಯಿಂದ ಗುರುತಿಲ್ಲದ ಹೆಂಗಸೊಬ್ಬರ ಫೋನು: "ಮಾಷ್ಟ್ರೆ, ನನ್ನ ಬೆಂಡೋಲೆ ಕಾಣುದಿಲ್ಲ. ನೀವು ಆ ದಿನ ಯಾವ ದಿಕ್ಕಿಗೆ ಮುಖ ಮಾಡಿ ಕೈ ಮುಗಿದದ್ದು?"

"ಪೂರ್ವಕ್ಕೆ" ಎಂದೆ. ಈಗ ನನಗೂ ಸ್ವಲ್ಪ ಅಭ್ಯಾಸವಾಗಿದೆ.