ಮೂವತ್ತರಲ್ಲಿ ಮೂವತ್ತೊಂದು ಪಾಲು ರಜೆ

ಅರುವತ್ತರ ದಶಕದಲ್ಲಿ ನಾನು ಕೊಟ್ಟಾರದ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಗಣಿತದ ಮಾಸ್ಟ್ರಾಗಿದ್ದೆ. ಗಣಿತ ನನಗೆ ಎಂದೂ ಕೈಕೊಟ್ಟದ್ದಿಲ್ಲವೆಂದು ಸ್ಟಾಫ್ ರೂಮಿನಲ್ಲಿ ದಿನಕ್ಕೊಮ್ಮೆಯಾದರೂ ಘೋಷಿಸುತ್ತಿದ್ದೆ. ಕೇಳುವವರಿಗೆ ಬೇರೆ ಗತಿ ಇರಲಿಲ್ಲ.

ಆ ಭಾನುವಾರ ನನ್ನ ಹೆಂಡತಿ ಸುಮತಿಯ ಒಬ್ಬಳೇ ತಂಗಿಯ ಮದುವೆ. ಅದೇ ದಿನ ಶಾಲಾ ವಾರ್ಷಿಕೋತ್ಸವದ ಚಪ್ಪರದ ಕೆಲಸ! ಹೆಡ್ ಮಾಸ್ಟ್ರು ನಮ್ಮ ಮೂವತ್ತು ಮಂದಿಗೆ ಒಂದರಿಂದ ಮೂವತ್ತರವರೆಗಿನ ಚೀಟಿ ಮಾಡಿಸಿದರು. ಎರಡು, ಮೂರು, ಐದು, ಇವುಗಳಲ್ಲಿ ಯಾವುದರಿಂದ ಭಾಗವಾಗುವ ಸಂಖ್ಯೆ ಸಿಕ್ಕಿದರೂ ರಜೆ. ಉಳಿದವರಿಗೆ ಚಪ್ಪರ.

"ನಿಮಗೆ ಮದುವೆ ಉಂಟಲ್ಲ, ಚೀಟಿ ಬೇಡ, ಹೋಗಿ," ಎಂದರು ಹೆಡ್ ಮಾಸ್ಟ್ರು.

ಸುಮ್ಮನೆ ತಲೆಯಾಡಿಸಿದ್ದರೆ ಮುಗಿಯುತ್ತಿತ್ತು. ನಾನು ಬೋರ್ಡಿನ ಹತ್ತಿರ ಹೋಗಿ ರಜೆಯ ಸಂಭವನೀಯತೆಯನ್ನು ಲೆಕ್ಕ ಹಾಕಿದೆ. ಎರಡರಿಂದ ಭಾಗವಾಗುವವು ಹದಿನೈದು, ಮೂರರಿಂದ ಹತ್ತು, ಐದರಿಂದ ಆರು. ಒಟ್ಟು ಮೂವತ್ತೊಂದು! ಇರುವ ಮೂವತ್ತು ಚೀಟಿಗಳಲ್ಲಿ ಮೂವತ್ತೊಂದು ರಜೆಯ ಚೀಟಿ! ರಜೆ ಖಚಿತ, ಖಚಿತಕ್ಕಿಂತಲೂ ಸ್ವಲ್ಪ ಹೆಚ್ಚು. ಅನುಮಾನ ಬರಬೇಕಾದಲ್ಲಿ ನನಗೆ ಹೆಮ್ಮೆ ಬಂತು.

"ವಿನಾಯಿತಿ ಬೇಡ ಸಾರ್. ಎಲ್ಲರ ಹಾಗೆ ನಾನೂ ತೆಗೀತೇನೆ," ಎಂದೆ.

ತೆಗೆದೆ. ಏಳು!

ಡ್ರಿಲ್ ಮಾಸ್ಟ್ರು ಅಬ್ಬಾಸ್ ಬೋರ್ಡು ನೋಡಿ ನಕ್ಕರು. "ಎಂತ ಮಾಸ್ಟ್ರೇ ಇದು? ಆರನ್ನು ಎರಡರಲ್ಲಿಯೂ ಎಣಿಸಿದ್ದೀರಿ, ಮೂರರಲ್ಲಿಯೂ ಎಣಿಸಿದ್ದೀರಿ. ಮೂವತ್ತನ್ನಂತೂ ಮೂರು ಸಲ! ಒಂದು ಚೀಟಿ ಮೂರು ಜನಕ್ಕೆ ರಜೆ ಕೊಡ್ತದಾ ಮಾರಾಯ್ರೇ? ಮತ್ತೆ ಮತ್ತೆ ಎಣಿಸಿದ್ದನ್ನು ಕಳೀಬೇಕು. ರಜೆಯ ಚೀಟಿ ಇಪ್ಪತ್ತೆರಡೇ."

ನನಗೆ ಸಂಭವನೀಯತೆ ಕಲಿಸಿದ್ದು ಡ್ರಿಲ್ ಮಾಸ್ಟ್ರು! ಹೆಡ್ ಮಾಸ್ಟ್ರ ಕಡೆ ದೀನನಾಗಿ ನೋಡಿದೆ.

"ಎಲ್ಲರ ಹಾಗೆ ಅಂತ ನೀವೇ ಹೇಳಿದ್ದಲ್ವಾ?" ಎಂದು ಅವರು ಚಪ್ಪರದ ಪಟ್ಟಿಯಲ್ಲಿ ನನ್ನ ಹೆಸರು ಬರೆದರು.

ಮನೆಯಲ್ಲಿ ಸುಮತಿ ಎಲ್ಲವನ್ನೂ ಕೇಳಿಸಿಕೊಂಡಳು. "ಕೊಟ್ಟ ರಜೆಯನ್ನು ಯಾರಾದ್ರೂ ಬೇಡ ಅಂತಾರಾ? ನನ್ನ ತಂಗಿಗೆ ಇನ್ನೊಮ್ಮೆ ಮದುವೆ ಆಗ್ಲಿಕ್ಕುಂಟಾ?"

ಭಾನುವಾರ ಅವಳು ಒಬ್ಬಳೇ ಬಸ್ಸು ಹತ್ತಿದಳು. ನಾನು ಏಣಿ ಹತ್ತಿದೆ. ಮುಹೂರ್ತದ ಹೊತ್ತಿಗೆ ಕಂಬಕ್ಕೆ ಹಗ್ಗ ಬಿಗಿಯುತ್ತಿದ್ದೆ, ನಿಜಕ್ಕೂ ಬೇಸರವಾಯಿತು.

ಸಂಜೆ ಅವಳು ಮರಳಿದಾಗ ಮೆಲ್ಲನೆ ಕೇಳಿದೆ, "ನಾನೆಲ್ಲಿ ಅಂತ ಯಾರಾದರೂ ಕೇಳಿದರಾ?"

"ಕೇಳದೆ ಬಿಡ್ತಾರಾ? ಹೊಟ್ಟೆ ಸರಿ ಇಲ್ಲ, ಮಲಗಿದ್ದಾರೆ ಅಂದೆ. ಲೆಕ್ಕದ ಮಾಸ್ಟ್ರಿಗೆ ಲೆಕ್ಕ ತಪ್ಪಿತು ಅಂತ ಹೇಳಿದ್ರೆ ನನ್ನ ಮರ್ಯಾದೆ ಎಂತ ಆಗ್ಬೇಕು?"

"ಹೋಳಿಗೆ ತಂದಿದ್ದೀಯಾ?"

"ಹೊಟ್ಟೆ ಸರಿ ಇಲ್ಲದವರಿಗೆ ಯಾರು ಹೋಳಿಗೆ ಕಟ್ಟಿ ಕೊಡ್ತಾರೆ? ಅಪ್ಪ ಇದನ್ನು ಕೊಟ್ಟಿದ್ದಾರೆ," ಎಂದು ಚೀಲದಿಂದ ಒಂದು ಬಾಟಲಿ ಕಷಾಯ ತೆಗೆದಳು.

ಅವಳು ಎದುರಿಗೇ ನಿಂತಿದ್ದಳು. ಕುಡಿದೆ.